ಎದೆ ನೋವಾ? ಮೊದಲು ಇಸಿಜಿ, ಸೋಡಾ ಆಮೇಲೆ

ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡಿರುವವರು ಯಾರು ಎಂದು ನನಗೆ ಅಂದಾಜಿದೆ. ರಾತ್ರಿ ಅಡುಗೆಗೆ ಕೂತ ಅಮ್ಮಂದಿರು, ಡೈರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕೂತ ಯಜಮಾನರು, ಲಾರಿ ಓಡಿಸುತ್ತಿರುವ ಅಣ್ಣಂದಿರು. ನಿಮಗೇ ಹೇಳುತ್ತಿದ್ದೇನೆ. ಆಕಾಶವಾಣಿಯವರು ಕೊಟ್ಟ ವಿಷಯ ‘ಹೃದ್ರೋಗ: ಆಧುನಿಕ ತಪಾಸಣೆ ಮತ್ತು ಚಿಕಿತ್ಸೆ’. ಇದನ್ನು ನಮ್ಮ ಹೃದ್ರೋಗ ವಿಭಾಗಕ್ಕೆ ಬರುವ ಡಾಕ್ಟರುಗಳು ಮೂರು ವರ್ಷ ಓದುತ್ತಾರೆ. ನನಗೆ ಸಿಕ್ಕಿರುವುದು ಹತ್ತು ನಿಮಿಷ. ಹಾಗಾಗಿ ಒಂದೇ ಮಾತು ಹೇಳುತ್ತೇನೆ, ಮತ್ತೆ ಮತ್ತೆ ಅದನ್ನೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎದೆ ನೋವು ಬಂತಾ, ಒಂದು ಗಂಟೆಯೊಳಗೆ ಇಸಿಜಿ ಮಾಡಿಸಿ. ಇಸಿಜಿ ಅಂದರೆ ಹೃದಯದ ವಿದ್ಯುತ್ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಪರೀಕ್ಷೆ.

ಈಗ ಏನಾಗುತ್ತದೆ ಹೇಳಲಾ? ಊಟ ಆದ ಮೇಲೆ ಯಜಮಾನರಿಗೆ ಎದೆ ಮಧ್ಯೆ ಹಿಂಡಿದ ಹಾಗಾಗುತ್ತದೆ. ‘ಗ್ಯಾಸು ಕಣೇ’ ಅನ್ನುತ್ತಾರೆ. ಸೋಡಾ ಬರುತ್ತದೆ. ಆಮೇಲೆ ಈನೋ. ಆಮೇಲೆ ಓಮದ ನೀರು. ಪಕ್ಕದ ಮನೆಯವರು ಬಂದು ಬೆನ್ನು ನೀವುತ್ತಾರೆ. ಮೆಡಿಕಲ್ ಶಾಪಿನ ಹುಡುಗ ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡುತ್ತಾನೆ. ಬೆವರು ಸುರಿಯುತ್ತಿದ್ದರೂ ‘ಬೆಳಿಗ್ಗೆ ನೋಡೋಣ’ ಅನ್ನುತ್ತಾರೆ. ಬೆಳಿಗ್ಗೆ ಅಷ್ಟು ಹೊತ್ತಿಗೆ ನಮ್ಮ ಹತ್ತಿರ ಬಂದರೆ ನಾವು ಮಾಡುವುದಕ್ಕೆ ಉಳಿದಿರುವುದು ಬಹಳ ಕಡಿಮೆ.

ಗ್ಯಾಸೇ ಇರಬಹುದು, ಯಾರು ಬೇಡ ಅಂದರು? ಆದರೆ ಅದು ಗ್ಯಾಸೋ ಹಾರ್ಟೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸುವುದಕ್ಕೆ ನನ್ನ ಕೈಯಲ್ಲೂ ಆಗುವುದಿಲ್ಲ. ನನಗೂ ಇಸಿಜಿ ಬೇಕು.

ಹೃದಯದಲ್ಲಿ ಆಗುವುದು ಇಷ್ಟೇ. ಹೃದಯದ ಮಾಂಸಕ್ಕೆ ರಕ್ತ ಕೊಡುವ ಸಣ್ಣ ರಕ್ತನಾಳಗಳಿವೆ. ಒಳಗೆ ವರ್ಷಗಟ್ಟಲೆ ಕೊಬ್ಬು ಸೇರಿರುತ್ತದೆ, ಒಂದು ದಿನ ಅದು ಒಡೆದು ಅಲ್ಲೇ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ತೋಟದಲ್ಲಿ ಡ್ರಿಪ್ ಪೈಪು ಕಟ್ಟಿಕೊಂಡರೆ ಆ ಸಾಲಿನ ಗಿಡಗಳು ಮಾತ್ರ ಬಾಡುತ್ತವೆ ಅಲ್ವಾ, ಹಾಗೆ. ಬೇಗ ಬಿಡಿಸಿದರೆ ಗಿಡ ಚಿಗುರುತ್ತದೆ, ಒಣಗಿದ ಮೇಲೆ ಎಷ್ಟು ನೀರು ಬಿಟ್ಟರೂ ಅಷ್ಟೇ. ಸತ್ತ ಹೃದಯದ ಮಾಂಸ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ನಾನು ಗಂಟೆಯ ಲೆಕ್ಕ ಹೇಳುತ್ತಿರುವುದು.

ಇಸಿಜಿಗೆ ಎಷ್ಟು ಹೊತ್ತು? ಐದು ನಿಮಿಷ. ಎದೆ ನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಇದು ಪ್ರಪಂಚದಾದ್ಯಂತ ಇರುವ ನಿಯಮ. ಚೀಟಿ ಸಾಲಿನಲ್ಲಿ ಸುಮ್ನೆ ನಿಲ್ಲಬೇಡಿ. ‘ಎದೆ ನೋವು’ ಎಂದು ಜೋರಾಗಿ ಹೇಳಿ. ಮೊದಲ ಇಸಿಜಿ ಸರಿ ಬಂತು ಎಂದು ಎದ್ದು ಓಡಲೂ ಬೇಡಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗೆಯುತ್ತಾರೆ, ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಮಾಡುತ್ತಾರೆ. ಹೃದಯದ ಮಾಂಸಕ್ಕೆ ಪೆಟ್ಟು ಬಿದ್ದರೆ ಈ ಟ್ರೋಪೋನಿನ್ ರಕ್ತಕ್ಕೆ ಸೋರುತ್ತದೆ, ಹಾಗಾಗಿ ಸುಳಿವು ಸಿಗುತ್ತದೆ.

‘ನಮ್ಮೂರಲ್ಲಿ ಹಾರ್ಟ್ ಡಾಕ್ಟರ್ ಇಲ್ಲ’ ಅನ್ನುತ್ತೀರಿ. ಬೇಕಾಗಿಲ್ಲ. 2023ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ಅಪ್ಪು ಹೋದಾಗ ಅವರಿಗೆ ಬರೀ 46 ವರ್ಷ, ನಿಮಗೆಲ್ಲ ನೆನಪಿದೆ. ಈ ಯೋಜನೆಯಲ್ಲಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ನಿಮ್ಮ ಇಸಿಜಿ ತೆಗೆದರೆ ಅದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಹೃದಯಾಘಾತ ಎಂದು ಗೊತ್ತಾದರೆ ಅಲ್ಲೇ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುತ್ತಾರೆ. ತೂಕ ನೋಡಿ ಒಂದೇ ಸಲ ನರಕ್ಕೆ ಕೊಡುವ ಮದ್ದು, ಹೆಪ್ಪನ್ನು ಕರಗಿಸುತ್ತದೆ. ಹೊರಗೆ ಹತ್ತಾರು ಸಾವಿರ ರೂಪಾಯಿ, ಇಲ್ಲಿ ಉಚಿತ. ಆದರೆ ಅದು ಮೊದಲ ಮೂರು ಗಂಟೆಯಲ್ಲಿ ಮಾಡುವ ಕೆಲಸವನ್ನು ಹತ್ತನೇ ಗಂಟೆಯಲ್ಲಿ ಮಾಡುವುದಿಲ್ಲ. ಇಂಜೆಕ್ಷನ್ ಆದ ಮೇಲೂ ಮನೆಗಲ್ಲ, ಅಲ್ಲಿಂದ ನಮ್ಮಂಥ ಆಸ್ಪತ್ರೆಗೆ. ಸಾಮಾನ್ಯವಾಗಿ ಒಂದು ದಿನದೊಳಗೆ ಆಂಜಿಯೋಗ್ರಾಮ್, ಅಂದರೆ ರಕ್ತನಾಳ ಎಲ್ಲಿ ಮುಚ್ಚಿದೆ ಎಂದು ನೋಡುವ ಪರೀಕ್ಷೆ, ಆಗಬೇಕು. ಇದನ್ನೆಲ್ಲ ಮಾಡುವ ಕೋಣೆ, ಅಂದರೆ ಕ್ಯಾತ್ ಲ್ಯಾಬ್, ಹತ್ತಿರವೇ ಇದ್ದರೆ ಇಂಜೆಕ್ಷನ್ನಿಗೂ ಕಾಯದೆ ನೇರವಾಗಿ ದಾರಿ ಬಿಡಿಸುವ ಬಲೂನು, ದಾರಿ ಮತ್ತೆ ಮುಚ್ಚದಂತೆ ಹಿಡಿಯುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟು.

ಆಂಜಿಯೋಗ್ರಾಮ್ ಅಂದ ಕೂಡಲೇ ಮನೆಯವರ ಮುಖ ನೋಡಬೇಕು ನೀವು. ‘ಹೃದಯದೊಳಗೆ ತಂತಿ ಹಾಕ್ತಾರಂತೆ, ಬೇಡ ಸಾರ್, ಮಾತ್ರೆಯಲ್ಲೇ ನೋಡಿ.’ ಸರಿ, ಈ ತಂತಿಯ ಕಥೆ ಹೇಳುತ್ತೇನೆ. ನನಗೆ ಬಹಳ ಇಷ್ಟವಾದ ಕಥೆ.

1929. ಜರ್ಮನಿಯಲ್ಲಿ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರು. ಅಲ್ಲಿನ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಡಾಕ್ಟರು, ಇಪ್ಪತ್ತೈದರ ಆಸುಪಾಸಿನ ಹುಡುಗ. ಕೈಯ ರಕ್ತನಾಳದಿಂದ ನಳಿಕೆ ತೂರಿಸಿ ಹೃದಯ ಮುಟ್ಟಬಹುದು ಎಂದು ಅವನ ಹಟ. ಹೃದಯ ಮುಟ್ಟಿದರೆ ಮನುಷ್ಯ ಅಲ್ಲೇ ಸತ್ತ ಎಂದು ಆಗಿನವರ ನಂಬಿಕೆ. ಮೇಲಧಿಕಾರಿ ಖಡಾಖಂಡಿತವಾಗಿ ಬೇಡ ಅಂದರು. ಇವನು ಸುಮ್ಮನಾಗಲಿಲ್ಲ. ಸಲಕರಣೆಗಳ ಬೀರುವಿನ ಕೀಲಿ ಗೆರ್ಡಾ ಡಿಟ್ಸೆನ್ ಎಂಬ ನರ್ಸ್ ಹತ್ತಿರ ಇತ್ತು. ದಿನಾ ಹೋಗಿ ಅವಳ ಹತ್ತಿರ ತನ್ನ ಯೋಚನೆ ಹೇಳಿ ಹೇಳಿ ಕೊನೆಗೆ ಒಪ್ಪಿಸಿದ, ಎಷ್ಟರಮಟ್ಟಿಗೆ ಎಂದರೆ ‘ನನ್ನ ಮೇಲೇ ಪ್ರಯೋಗ ಮಾಡಿ’ ಎಂದು ಅವಳೇ ಮುಂದೆ ಬಂದಳು. ಧೈರ್ಯ ನೋಡಿ! ಅವಳನ್ನು ಮೇಜಿನ ಮೇಲೆ ಮಲಗಿಸಿ ಕೈಕಾಲು ಕಟ್ಟಿದ. ಕಟ್ಟಿ, ಆಚೆ ತಿರುಗಿ, ತನ್ನ ಎಡಗೈಗೇ ಮರಗಟ್ಟುವ ಮದ್ದು ಹಾಕಿಕೊಂಡು ಕೊಯ್ದು ನಳಿಕೆ ತೂರಿಸಿಕೊಂಡ. ಅದು ಮೂತ್ರನಾಳಕ್ಕೆ ಬಳಸುವ ನಳಿಕೆ, ಹೃದಯಕ್ಕೆಂದು ಮಾಡಿದ ನಳಿಕೆ ಆಗ ಇರಲೇ ಇಲ್ಲವಲ್ಲ. ಕಟ್ಟು ಬಿಚ್ಚಿದ ಮೇಲೆ ಅವಳಿಗೆ ಕೋಪ ಬರದೇ ಇರುತ್ತದೆಯೇ? ಆದರೂ ಇಬ್ಬರೂ ಸೇರಿ ಎಕ್ಸ್‌ರೇ ಕೋಣೆಗೆ ಮೆಟ್ಟಿಲು ಇಳಿದು ನಡೆದುಹೋದರು, ನಳಿಕೆ ಅವನ ಕೈಯಲ್ಲೇ ಇದೆ! ಅಲ್ಲಿ ಗೆಳೆಯನೊಬ್ಬ ಓಡಿಬಂದು ನಳಿಕೆ ಕಿತ್ತುಹಾಕಲು ನೋಡಿದ. ಇವನು ಅವನಿಗೆ ಕಾಲಲ್ಲಿ ಒದ್ದ. ಕನ್ನಡಿಯಲ್ಲಿ ಎಕ್ಸ್‌ರೇ ಪರದೆ ನೋಡಿಕೊಂಡು ಒಳಗೆ ತಳ್ಳಿದ, ತಳ್ಳಿದ, ನಳಿಕೆಯ ತುದಿ ಹೃದಯದ ಬಲಗಡೆ ಕೋಣೆಗೆ ಹೋಗಿ ನಿಂತಿತು. ಎಕ್ಸ್‌ರೇ ತೆಗೆಸಿಕೊಂಡ. ಏನೂ ಆಗಲಿಲ್ಲ.

ಹೊಗಳಿದರಾ? ಎಲ್ಲಿ! ಬರ್ಲಿನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಸಿಕ್ಕಿದ ಕೆಲಸವೂ ಉಳಿಯಲಿಲ್ಲ. ಹೃದಯವನ್ನೇ ಬಿಟ್ಟು ಮೂತ್ರರೋಗದ ಡಾಕ್ಟರಾದ. ನ್ಯೂಯಾರ್ಕಿನಲ್ಲಿ ಕೂರ್ನಾಂಡ್ ಮತ್ತು ರಿಚರ್ಡ್ಸ್ ಆ ವಿಧಾನವನ್ನು ಬೆಳೆಸಿದರು. 1956ರಲ್ಲಿ ಮೂವರಿಗೂ ಸೇರಿ ನೊಬೆಲ್ ಬಂತು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕಥೆ ಉದ್ದವಾಯಿತು, ಗೊತ್ತು. ಆದರೆ ಅಂಥ ತಂತಿಗೆ ನೀವು ಈಗ ಹೆದರುವುದು ಸರಿಯಾ, ಹೇಳಿ? ಈಗ ಮಣಿಕಟ್ಟಿನ ಹತ್ತಿರ ಸಣ್ಣ ಚುಚ್ಚು. ಆ ಜಾಗಕ್ಕಷ್ಟೇ ಮರಗಟ್ಟಿಸುತ್ತಾರೆ, ಎಚ್ಚರವಾಗಿಯೇ ಇರುತ್ತೀರಿ, ನಮ್ಮ ಜೊತೆ ಮಾತಾಡುತ್ತಿರುತ್ತೀರಿ. ಎರಡು ಮಿಲಿಮೀಟರಿನಷ್ಟು ದಪ್ಪದ ನಳಿಕೆಯಲ್ಲಿ ಬಣ್ಣದ ದ್ರವ ಬಿಟ್ಟರೆ ಎಲ್ಲಿ ಮುಚ್ಚಿದೆ ಎಂದು ಟಿವಿಯಲ್ಲಿ ಕಾಣುತ್ತದೆ. ಬಲೂನು ಉಬ್ಬಿಸಿ ದಾರಿ ಬಿಡಿಸುವುದನ್ನು 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಮೊದಲು ಮಾಡಿ ತೋರಿಸಿದರು. ಈಗ ಬಲೂನಿನ ಜೊತೆ ಮದ್ದು ಲೇಪಿಸಿದ ಸ್ಟೆಂಟನ್ನೂ ಅಲ್ಲೇ ಕೂರಿಸುತ್ತೇವೆ. ಸ್ಟೆಂಟಿಗೆ ಲಕ್ಷ ಬೇಕು ಅನ್ನುವುದು ಹಳೇ ಮಾತು. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿದಾಗ ಮದ್ದಿನ ಸ್ಟೆಂಟು ಸುಮಾರು 30 ಸಾವಿರಕ್ಕೆ ಇಳಿಯಿತು. ಈಗ ಸ್ವಲ್ಪ ಏರಿದೆ, ಆದರೂ ಮೊದಲಿನ ಹಾಗಿಲ್ಲ.

ಇನ್ನೊಂದು ಸಿಟ್ಟು ಇದೆ, ಹೇಳಿಬಿಡುತ್ತೇನೆ. ಪುನೀತ್ ಹೋದಾಗ ಒಮ್ಮೆ, 2025ರ ಜೂನ್ ಜುಲೈಯಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಇನ್ನೊಮ್ಮೆ, ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಸಾಲು. ಹಾಸನದಲ್ಲಿ ಹೃದಯಾಘಾತ ವಿಪರೀತವಾಗಿ ಏನೂ ಹೆಚ್ಚಿಲ್ಲ ಎಂದು ಆಮೇಲೆ ಸರ್ಕಾರದ ತಜ್ಞರ ಸಮಿತಿ ಹೇಳಿತು. ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನಕ್ಕೆ ಯಾವ ನೋವೂ ಇರಲಿಲ್ಲ. ನಿಜವಾಗಿ ನೋವಿದ್ದ ಮನುಷ್ಯ ಅದೇ ಹೊತ್ತಿನಲ್ಲಿ ಮನೆಯಲ್ಲಿ ಸೋಡಾ ಕುಡಿಯುತ್ತಿರುತ್ತಾನೆ! ನೋವಿಲ್ಲದಿದ್ದರೆ ಹತ್ತಿರದ ಡಾಕ್ಟರಲ್ಲಿ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿ, ಬೀಡಿ ಸಿಗರೇಟು ಬಿಡಿ, ಸಾಕು.

ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಶುಗರ್ ಇರುವವರಿಗೆ ನೋವೇ ಬಾರದೆ ಬರೀ ಉಬ್ಬಸ, ಬೆವರು ಬರಬಹುದು. ಅಮ್ಮಂದಿರೇ, ನಿಮಗೂ ಹಾಗೆ. ಸುಸ್ತು, ವಾಕರಿಕೆ, ದವಡೆ ನೋವು, ಬೆನ್ನು ನೋವು. ಯಜಮಾನರನ್ನು ಎಳೆದುಕೊಂಡು ಬರುತ್ತೀರಿ, ನಿಮ್ಮದಾದರೆ ‘ಪಾತ್ರೆ ತೊಳೆದು ಬರ್ತೀನಿ’ ಅನ್ನುತ್ತೀರಿ. ಪಾತ್ರೆ ಇರಲಿ. ಬೈಕಿನಲ್ಲಿ ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಕುಸಿದು ಬಿದ್ದು ಉಸಿರಾಡದಿದ್ದರೆ ನೀರು ಕುಡಿಸಬೇಡಿ, ಎದೆ ಮಧ್ಯೆ ಎರಡೂ ಕೈ ಇಟ್ಟು ಜೋರಾಗಿ ಒತ್ತುತ್ತಿರಿ, ನಿಮಿಷಕ್ಕೆ 100ರಿಂದ 120 ಸಲ. ಎಕೋ, ಟಿಎಂಟಿ, ಬೈಪಾಸ್, ಎದೆ ಕೊಯ್ಯದೆ ವಾಲ್ವ್ ಹಾಕುವುದು, ಇವೆಲ್ಲ ಇನ್ನೊಂದು ದಿನಕ್ಕೆ, ಇವರು ಮತ್ತೆ ಕರೆದರೆ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದು ಮಾತು. ರಕ್ತ ತೆಳು ಮಾಡುವ ಮಾತ್ರೆಯನ್ನು ‘ಈಗ ಆರಾಮಿದೀನಿ’ ಎಂದು ನೀವಾಗಿಯೇ ನಿಲ್ಲಿಸಬೇಡಿ. ಹಲ್ಲು ಕೀಳಿಸುವುದಿದ್ದರೂ ಮೊದಲು ನಮ್ಮನ್ನು ಕೇಳಿ. ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪು ಕಟ್ಟಬಹುದು. ಹಳೆಯ ಇಸಿಜಿ ಇದ್ದರೆ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಮಗಳಿಗೂ ಮಗನಿಗೂ ಕಳಿಸಿರಿ. ರಾತ್ರಿ ಎರಡು ಗಂಟೆಗೆ ಹೊಸ ಇಸಿಜಿ ಕೈಗೆ ಬಂದಾಗ ಪಕ್ಕದಲ್ಲಿ ಹಳೆಯದಿದ್ದರೆ ಡ್ಯೂಟಿ ಡಾಕ್ಟರಿಗೆ ತೀರ್ಮಾನ ಮಾಡುವುದು ಎಷ್ಟೋ ಸುಲಭ. ನಮಸ್ಕಾರ.