ಫೋನಿನ ಭದ್ರತೆಯನ್ನು ಸಡಿಲಿಸುವಂತೆ ಸರ್ಕಾರ ಕಂಪನಿಗೆ ಹೇಳಬಹುದೇ?

[ದೃಶ್ಯ: ಸೋಮವಾರಪೇಟೆ ಬಳಿಯ ಕಾಫಿ ಕಣ, ರೈಟರ್ ಕೈಯಲ್ಲಿ ಮೊಬೈಲ್]

ನಮಸ್ಕಾರ. ಕೊಡಗಿನ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಒಬ್ಬರ ಫೋನಿನಲ್ಲಿ ಲೈನ್ ಮನೆಯ ಕಾರ್ಮಿಕರ ಆಧಾರ್ ಫೋಟೋ, ಬ್ಯಾಂಕ್ ಖಾತೆಯ ಸಂಖ್ಯೆ, ಬಟವಾಡೆಯ ಲೆಕ್ಕ ಎಲ್ಲವೂ ಇರುತ್ತವೆ. ಆ ಫೋನು ಕಳೆದುಹೋದರೂ ಇವು ಬೇರೆಯವರ ಪಾಲಾಗದಂತೆ ಕಾಯುವುದು ಎನ್‌ಕ್ರಿಪ್ಷನ್, ಅಂದರೆ ಮಾಹಿತಿಯನ್ನು ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಯಾಗಿಸುವ ವಿಧಾನ. ತನಿಖೆಗೆ ಅಗತ್ಯವೆಂದು ಸರ್ಕಾರ ಕೇಳಿದರೆ ಕಂಪನಿಯೇ ಈ ರಕ್ಷಣೆಯನ್ನು ಸಡಿಲಿಸಬೇಕೇ?

2015ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಬರ್ನಾರ್ಡಿನೊದಲ್ಲಿ 14 ಜನರ ಹತ್ಯೆಯಾಯಿತು. ದಾಳಿಕೋರನ ಐಫೋನ್ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ವಶಕ್ಕೆ ಬಂದರೂ, 10 ಸಲ ತಪ್ಪು ಪಾಸ್‌ಕೋಡ್ ಒತ್ತಿದರೆ ಮಾಹಿತಿಯೇ ಅಳಿಸಿಹೋಗುವ ಅಪಾಯವಿತ್ತು. ಆ ತಡೆಯನ್ನು ನಿವಾರಿಸುವ ಹೊಸ ಸಾಫ್ಟ್‌ವೇರ್ ಸಿದ್ಧಪಡಿಸುವಂತೆ ನ್ಯಾಯಾಲಯವು 1789ರಷ್ಟು ಹಳೆಯ ಕಾಯ್ದೆಯನ್ನು ಆಧರಿಸಿ ಆಪಲ್‌ಗೆ ಆದೇಶಿಸಿತು. ಆಪಲ್ ಒಪ್ಪಲಿಲ್ಲ. 2016ರ ಮಾರ್ಚ್‌ನಲ್ಲಿ ಎಫ್‌ಬಿಐ ಹೊರಗಿನವರ ನೆರವಿನಿಂದ ಫೋನ್ ತೆರೆದದ್ದರಿಂದ ಮೂಲ ಪ್ರಶ್ನೆ ತೀರ್ಮಾನವಾಗದೆ ಉಳಿಯಿತು.

[ದೃಶ್ಯ: ಗ್ರೀಸ್‌ನ ನಕ್ಷೆ]

ಒಳ್ಳೆಯವರಿಗಷ್ಟೇ ತೆರೆಯುವ ಬಾಗಿಲು ಸಾಧ್ಯವೆನ್ನುವವರು ಗ್ರೀಸ್‌ನ ಪ್ರಕರಣವನ್ನು ಗಮನಿಸಬೇಕು. ಅಲ್ಲಿನ ವೊಡಾಫೋನ್ ಜಾಲದ ಎಕ್ಸ್‌ಚೇಂಜ್‌ಗಳಲ್ಲಿ ಪೊಲೀಸರು ಕಾನೂನುಬದ್ಧವಾಗಿ ಕದ್ದಾಲಿಸಲೆಂದೇ ರೂಪಿಸಿದ್ದ ವ್ಯವಸ್ಥೆಯನ್ನು ಅಪರಿಚಿತರು ಗುಟ್ಟಾಗಿ ಚಾಲೂ ಮಾಡಿ, 2004-05ರಲ್ಲಿ ಪ್ರಧಾನಿಯೂ ಸೇರಿದಂತೆ 100ಕ್ಕೂ ಹೆಚ್ಚು ಮಂದಿಯ ಕರೆಗಳನ್ನು ತಿಂಗಳುಗಟ್ಟಲೆ ಆಲಿಸಿದರು. ಅನುಮತಿಪತ್ರವನ್ನು ಪರಿಶೀಲಿಸುವ ಬುದ್ಧಿ ಯಂತ್ರಕ್ಕೆಲ್ಲಿಂದ ಬರಬೇಕು?

ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಗೂಢಲಿಪಿ ಬಿಡಿಸಲು ನೆರವಾಗದವರಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ 2009ರ ನಿಯಮಗಳು ಇದಕ್ಕೊಂದು ಮಿತಿ ಹಾಕಿವೆ: ಕಂಪನಿಯೇ ಎನ್‌ಕ್ರಿಪ್ಟ್ ಮಾಡಿದ್ದರೆ, ಅಥವಾ ಕೀಲಿ ಅದರ ಹಿಡಿತದಲ್ಲಿದ್ದರೆ, ಅಷ್ಟರ ಮಟ್ಟಿಗೆ ಮಾತ್ರ ಆದೇಶ ಅನ್ವಯಿಸುತ್ತದೆ. 2021ರ ನಿಯಮಗಳಾದರೋ, ಸರ್ಕಾರ ಅಥವಾ ನ್ಯಾಯಾಲಯ ಆದೇಶಿಸಿದಾಗ ದೊಡ್ಡ ಸಂದೇಶ ಸೇವೆಗಳು ಸಂದೇಶವನ್ನು ಮೊದಲು ಕಳಿಸಿದವರನ್ನು ಗುರುತಿಸಿಕೊಡಬೇಕೆಂದವು; ಇದು ಕೈಯಲ್ಲಿರುವುದನ್ನು ಕೇಳುವುದಲ್ಲ, ಇಲ್ಲದ್ದನ್ನು ಕಟ್ಟಿಕೊಡಿ ಎನ್ನುವುದು. ಈ ನಿಯಮಕ್ಕಾಗಿ ಎನ್‌ಕ್ರಿಪ್ಷನ್ ಮುರಿಯಲೇಬೇಕಾದರೆ ದೇಶವನ್ನೇ ಬಿಡುವುದಾಗಿ ವಾಟ್ಸ್ಆಪ್ ಪರ ವಕೀಲರು 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಹೇಳಿದರು.

ಕಾಫಿ ದರದಿಂದ ಹಿಡಿದು ಆನೆ ಬಂದ ಸುದ್ದಿಯವರೆಗೆ ವಾಟ್ಸ್ಆಪ್ ಗುಂಪುಗಳನ್ನೇ ನೆಚ್ಚಿರುವ ಕೊಡಗಿನವರ ಗೋಪ್ಯತೆ ಒಂದು ಕಂಪನಿಯ ಹಟವನ್ನು ಅವಲಂಬಿಸಿರುವುದು ನನಗಂತೂ ಸರಿಕಾಣುವುದಿಲ್ಲ. 2009ರ ಮಿತಿಯನ್ನು ಸಂಸತ್ತು ಕಾಯ್ದೆಯ ಒಳಗೇ ಬರೆದು, ಇರುವ ಭದ್ರತೆಯನ್ನು ಕುಗ್ಗಿಸುವಂತೆ ಯಾರಿಗೂ ಆದೇಶಿಸಲಾಗದೆಂದು ಸ್ಪಷ್ಟಪಡಿಸಬೇಕು.