ಬುದ್ಧಿ ಇದೆ, ದುಡ್ಡಿದೆ, ಆದರೂ ಕೆನಡಾ ಯಾಕೆ ನಿಂತಲ್ಲೇ ನಿಂತಿದೆ?

[ದೃಶ್ಯ: ಹೆದ್ದಾರಿ ಪಕ್ಕ ನಿಂತ ಕಾರು, ತೆರೆದ ಡಿಕ್ಕಿ, ಒಳಗೆ ಬಿಯರ್ ಕೇಸುಗಳು]

ನಮಸ್ಕಾರ. 2012ರಲ್ಲಿ ನಡೆದದ್ದು. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಒಬ್ಬ ನಿವೃತ್ತರು ಪಕ್ಕದ ಕ್ವಿಬೆಕ್‌ಗೆ ಹೋಗಿ ಬಿಯರ್ ತಂದರು. ಅಲ್ಲಿ ರೇಟು ಕಮ್ಮಿ, ಅಷ್ಟೇ. ವಾಪಸ್ ಬರುವಾಗ ಪೊಲೀಸರು ಹಿಡಿದರು. ಬೇರೆ ಪ್ರಾಂತ್ಯದಿಂದ ಅಷ್ಟು ಬಿಯರ್ ತರುವುದು ಅವರ ಪ್ರಾಂತ್ಯದ ಕಾನೂನಿಗೆ ವಿರುದ್ಧವಾಗಿತ್ತು. ದಂಡ 292 ಡಾಲರ್ 50 ಸೆಂಟ್!

ಕದ್ದ ಮಾಲಲ್ಲ, ಹೊರದೇಶದ್ದೂ ಅಲ್ಲ. ತಮ್ಮದೇ ದೇಶದ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2018ರಲ್ಲಿ ಅಲ್ಲೂ ಗೆದ್ದದ್ದು ಪ್ರಾಂತ್ಯ ಸರ್ಕಾರವೇ.

ಬಿಯರ್ ಕಥೆ ಯಾಕೆ ಹೇಳಿದೆ? ಒಂದೇ ದೇಶದೊಳಗೆ ಇಂಥ ಬೇಲಿಗಳಿದ್ದರೆ ಒಳಗಿರುವ ವ್ಯಾಪಾರಿಗೆ ಪೈಪೋಟಿಯ ಭಯ ಇರುವುದಿಲ್ಲ. ಭಯ ಇಲ್ಲದಿದ್ದರೆ ಕೆಲಸ ಸುಧಾರಿಸುವ ಆತುರವೂ ಇರುವುದಿಲ್ಲ. ಕೆನಡಾ ನಿಂತಲ್ಲೇ ನಿಂತಿರುವುದು ಇಲ್ಲೇ, ಉತ್ಪಾದಕತೆಯಲ್ಲಿ.

[ದೃಶ್ಯ: ಒರಳುಕಲ್ಲು, ಪಕ್ಕದಲ್ಲಿ ಗ್ರೈಂಡರ್]

ಉತ್ಪಾದಕತೆ ಅಂದರೆ ಎಷ್ಟು ಬೆವರು ಸುರಿಸಿದಿರಿ ಅಂತಲ್ಲ. ಒಂದು ಗಂಟೆ ದುಡಿದರೆ ಎಷ್ಟು ಬೆಲೆಯ ಕೆಲಸ ಆಯಿತು ಅನ್ನುವುದು. ಒರಳಲ್ಲಿ ರುಬ್ಬುವವರು ಸೋಮಾರಿಗಳಲ್ಲ, ಅವರ ಹತ್ತಿರ ಗ್ರೈಂಡರ್ ಇಲ್ಲ ಅಷ್ಟೇ, ಅಲ್ವಾ?

1984ರಲ್ಲಿ ಅಮೆರಿಕದಲ್ಲಿ ಒಂದು ಗಂಟೆಗೆ 100 ರೂಪಾಯಿಯ ಕೆಲಸ ಆದರೆ ಕೆನಡಾದಲ್ಲಿ 88 ರೂಪಾಯಿಯದ್ದು ಆಗುತ್ತಿತ್ತು. 2022ಕ್ಕೆ ಅದು 71ಕ್ಕೆ ಇಳಿದಿತ್ತು. 2024ರ ಮಾರ್ಚ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಕೆನಡಾದ ಹಿರಿಯ ಡೆಪ್ಯುಟಿ ಗವರ್ನರ್ ಕ್ಯಾರೊಲಿನ್ ರಾಜರ್ಸ್ ಇದನ್ನು ತುರ್ತು ಪರಿಸ್ಥಿತಿ ಅಂತಲೇ ಕರೆದರು.

ತಲೆಗಳಿಗೆ ಬರ ಇಲ್ಲ. ಇನ್ಸುಲಿನ್ ಹುಟ್ಟಿದ್ದು ಟೊರೊಂಟೊದಲ್ಲಿ. ಕಂಪ್ಯೂಟರ್ ವಿಜ್ಞಾನಿ ಜೆಫ್ರಿ ಹಿಂಟನ್ ಮತ್ತು ಅವರ ಇಬ್ಬರು ಶಿಷ್ಯರು 2012ರಲ್ಲಿ ಎಐ ಜಗತ್ತನ್ನೇ ಅಲ್ಲಾಡಿಸಿದ್ದೂ ಅಲ್ಲೇ. ಮರುವರ್ಷ ಅವರ ಪುಟ್ಟ ಕಂಪನಿಯನ್ನು ಗೂಗಲ್ ಕೊಂಡುಕೊಂಡಿತು. ಬೀಜ ಇವರದ್ದು, ಬೆಳೆ ಪಕ್ಕದ ಮನೆಯವರದ್ದು!

[ದೃಶ್ಯ: ಟೊರೊಂಟೊದ ಒಂದು ಸಾಧಾರಣ ಮನೆ, ಮುಂದೆ ಮಾರಾಟದ ಬೋರ್ಡ್]

ಹಾಗಾದರೆ ದುಡ್ಡೆಲ್ಲ ಎಲ್ಲಿ ಹೋಗುತ್ತೆ? ದೊಡ್ಡ ಪಾಲು ಮನೆಗೆ. ನೀವೇ ಬ್ಯಾಂಕ್ ಮ್ಯಾನೇಜರ್ ಅಂದುಕೊಳ್ಳಿ. ಎದುರಿಗೆ ಇಬ್ಬರು ಕೂತಿದ್ದಾರೆ. ಒಬ್ಬರಿಗೆ ಮನೆ ಸಾಲ ಬೇಕು. ಡೌನ್ ಪೇಮೆಂಟ್ 20 ಪರ್ಸೆಂಟ್‌ಗಿಂತ ಕಮ್ಮಿ ಇದ್ದರೆ ವಿಮೆ ಕಡ್ಡಾಯ. ಅವರು ಕಂತು ಕಟ್ಟದಿದ್ದರೂ ನಿಮ್ಮ ನಷ್ಟವನ್ನು ವಿಮೆ ತುಂಬಿಕೊಡುತ್ತೆ, ಅದರ ಬೆನ್ನಿಗೆ ಸರ್ಕಾರವೇ ಇದೆ. ಇನ್ನೊಬ್ಬರಿಗೆ ಹೊಸ ಮೆಷಿನ್‌ಗೆ ಸಾಲ ಬೇಕು. ಐಡಿಯಾ ಚೆನ್ನಾಗಿದೆ, ಆದರೆ ಮುಳುಗಿದರೆ ಮುಳುಗಿತು. ನೀವು ಯಾರಿಗೆ ಸಹಿ ಹಾಕ್ತೀರಿ?

ಮನೆ ಕೊಂಡವರಿಗೂ ಲಾಭವೇ. ತಾವೇ ವಾಸವಿದ್ದ ಮನೆ ಮಾರಿದರೆ ಬಂದ ಲಾಭಕ್ಕೆ ತೆರಿಗೆ ಇಲ್ಲ. ಕಾರ್ಖಾನೆ ಕಟ್ಟಿ ಸುಮ್ನೆ ತಲೆನೋವು ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತೆ. ನನಗೂ ಅನ್ನಿಸುತ್ತಿತ್ತೇನೋ!

ಸಣ್ಣ ಕಂಪನಿಗಳ ಲಾಭಕ್ಕೆ 5 ಲಕ್ಷ ಡಾಲರ್‌ವರೆಗೆ ಕಮ್ಮಿ ತೆರಿಗೆ, ಅದಕ್ಕಿಂತ ಮೇಲೆ ಜಾಸ್ತಿ. ಬೆಳೆಯಬೇಡಿ ಅಂತ ಹೇಳಿದ ಹಾಗೆ. ಇನ್ನು ಮೊಬೈಲ್ ಮಾರುಕಟ್ಟೆಯ ಬಹುಪಾಲು ಮೂರೇ ಕಂಪನಿಗಳ ಕೈಯಲ್ಲಿದೆ: ಬೆಲ್, ರಾಜರ್ಸ್, ಟೆಲಸ್. ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ನಿಮ್ಮ ನೆಂಟರಿದ್ದರೆ ತಿಂಗಳ ಫೋನ್ ಬಿಲ್ ಎಷ್ಟು ಅಂತ ಕೇಳಿ ನೋಡಿ.

[ದೃಶ್ಯ: ಒಟ್ಟಾವಾದ ಸಂಸತ್ ಭವನ]

2025ರಲ್ಲಿ ಟ್ರಂಪ್ ಸುಂಕದ ಬಿಸಿ ತಟ್ಟಿತು. ಜೂನ್‌ನಲ್ಲೇ ಕೆನಡಾ ಸಂಸತ್ತು ಒಳನಾಡಿನ ಬೇಲಿಗಳನ್ನು ಕೀಳಲು ಕಾನೂನು ಮಾಡಿತು. ಆದರೆ ಅದು ಕೀಳುವುದು ಕೇಂದ್ರ ಸರ್ಕಾರ ಹಾಕಿದ ಬೇಲಿಗಳನ್ನು ಮಾತ್ರ. ಬಿಯರ್ ಮಾರಾಟದ ನಿಯಮ ಪ್ರಾಂತ್ಯಗಳ ಕೈಯಲ್ಲಿದೆ.