ಬಾಗಿದ ವಿಸ್ಕಿ ಧಾರೆ: ‘ದಿ ಎಕ್ಸ್‌ಪಾನ್ಸ್’ ವಿಜ್ಞಾನದ ಲೆಕ್ಕ ಹಾಕೋಣ

[ಪರದೆ: ಬಾಟಲಿ, ಗ್ಲಾಸು, ಪಕ್ಕಕ್ಕೆ ಬಾಗಿದ ಧಾರೆಯ ರೇಖಾಚಿತ್ರ]

ನಮಸ್ಕಾರ. ಬಾಟಲಿಯಿಂದ ಗ್ಲಾಸಿಗೆ ವಿಸ್ಕಿ ಬೀಳುತ್ತಿದೆ. ಧಾರೆ ನೆಟ್ಟಗಿಲ್ಲ, ಪಕ್ಕಕ್ಕೆ ಬಾಗಿದೆ. ‘ದಿ ಎಕ್ಸ್‌ಪಾನ್ಸ್’ ನೋಡಿದವರಿಗೆ ಈ ದೃಶ್ಯ ನೆನಪಿರುತ್ತದೆ. ಟಿವಿಯ ಸೈ-ಫೈನಲ್ಲಿ, ಅಂದರೆ ವಿಜ್ಞಾನದ ಕಾಲ್ಪನಿಕ ಕಥೆಗಳಲ್ಲಿ, ವಿಜ್ಞಾನ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಫ್ಯಾನ್‌ಗಳು ಇದನ್ನೇ ತೋರಿಸುತ್ತಾರೆ. ಆ ಬಾಗು ನಿಜಕ್ಕೂ ಎಷ್ಟಿರಬೇಕು? ಇವತ್ತು ಲೆಕ್ಕ ಹಾಕೋಣ.

2015ರಿಂದ 2022ರವರೆಗೆ ಈ ಶೋನ ಆರು ಸೀಸನ್ ಬಂದವು. ಇದನ್ನು ನಡೆಸಿದ ನರೇನ್ ಶಂಕರ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೌತವಿಜ್ಞಾನದ ಪಿಎಚ್‌ಡಿ ಮಾಡಿದವರು. ಅದರ ಗುರುತು ಶೋನ ಬಾಹ್ಯಾಕಾಶ ಹಡಗುಗಳಲ್ಲೇ ಸಿಗುತ್ತದೆ. ಎಷ್ಟೋ ಶೋಗಳಲ್ಲಿ ಜನ ಯಾಕೆ ತೇಲುತ್ತಿಲ್ಲ ಅಂದರೆ, ಗುರುತ್ವ ಹುಟ್ಟಿಸುವ ಯಂತ್ರ ಇದೆ ಅಂತ ಹೇಳಿ ಮುಗಿಸಿಬಿಡುತ್ತಾರೆ. ಇಲ್ಲಿ ಆ ಯಂತ್ರವೇ ಇಲ್ಲ. ಬಸ್ಸು ರಪ್ಪನೆ ಹೊರಟಾಗ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದಲ್ಲ, ಇವರ ತೂಕ ಅಂದರೆ ಆ ಒತ್ತಡವೇ. ಎಂಜಿನ್ ತಳದಲ್ಲಿ, ಅದರ ಮೇಲೆ ಒಂದರ ಮೇಲೊಂದು ಮಹಡಿ. ಎಂಜಿನ್ ಉರಿಯುವಷ್ಟು ಹೊತ್ತು ಕಾಲು ನೆಲದ ಮೇಲಿರುತ್ತದೆ. ಆರಿಸಿದರೆ ಎಲ್ಲರೂ ತೇಲುತ್ತಾರೆ.

ಅರ್ಧ ದಾರಿಯಲ್ಲಿ ಹಡಗು ಹಿಂದುಮುಂದಾಗಿ ತಿರುಗಿ, ಮತ್ತೆ ಎಂಜಿನ್ ಉರಿಸಿ ವೇಗ ಇಳಿಸುತ್ತದೆ. ಮಂಗಳ ತೀರಾ ಹತ್ತಿರ ಬಂದಾಗ ದೂರ ಸುಮಾರು 5.5 ಕೋಟಿ ಕಿ.ಮೀ. ಭೂಮಿಯಲ್ಲಿರುವಷ್ಟೇ ತೂಕ ಅನಿಸುವ ಹಾಗೆ ಎಂಜಿನ್ ಉರಿಸುತ್ತಾ ಹೋದರೆ ಬರೀ 42 ಗಂಟೆ ಸಾಕು. ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಹೊರಟು, ತಲುಪಿದ್ದು 2014ರ ಸೆಪ್ಟೆಂಬರ್ 24ಕ್ಕೆ. ಅವತ್ತು ಬೆಳಿಗ್ಗೆ ಅದೂ ಹೀಗೇ ತಿರುಗಿತು. ಸುಮಾರು 24 ನಿಮಿಷ ಎಂಜಿನ್ ಉರಿಸಿ, ಸೆಕೆಂಡಿಗೆ 1.1 ಕಿ.ಮೀ.ನಷ್ಟು ವೇಗ ಕಡಿಮೆ ಮಾಡಿಕೊಂಡಿತು. ಬೆಂಗಳೂರಿನ ಇಸ್ರೋ ಕೇಂದ್ರ ಅದರ ಮೇಲೆ ಕಣ್ಣಿಟ್ಟು ಕೂತಿತ್ತು.

ಇಷ್ಟು ಜೋರಾಗಿ ದಿನಗಟ್ಟಲೆ ಉರಿಯುವ ಎಂಜಿನ್ ಮಾತ್ರ ಕಲ್ಪನೆ. ಅದೊಂದನ್ನು ಒಪ್ಪಿಕೊಂಡರೆ ಮಿಕ್ಕ ಪ್ರಯಾಣಕ್ಕೆ ನ್ಯೂಟನ್ನನ ಚಲನೆಯ ನಿಯಮಗಳು ಸಾಕು.

[ಪರದೆ: ಸೆರೆಸ್‌ನ ಚಿತ್ರ]

ಈಗ ವಿಸ್ಕಿಗೆ ಬರೋಣ. ಆ ದೃಶ್ಯ ನಡೆಯುವುದು ಸೆರೆಸ್ ಎಂಬ ಕುಬ್ಜಗ್ರಹದಲ್ಲಿ. ಅದರ ವ್ಯಾಸ ಸುಮಾರು 940 ಕಿ.ಮೀ. ಕಥೆಯಲ್ಲಿ ಅದನ್ನು ಜೋರಾಗಿ ತಿರುಗಿಸಿ, ಒಳಗಿರುವವರಿಗೆ ಭೂಮಿಯ ಗುರುತ್ವದ ಶೇಕಡಾ 30ರಷ್ಟು ಸಿಗುವ ಹಾಗೆ ಮಾಡಿದ್ದಾರೆ. ಅಷ್ಟಾಗಬೇಕಾದರೆ ಸೆರೆಸ್ 42 ನಿಮಿಷಕ್ಕೊಂದು ಸುತ್ತು ಹಾಕಬೇಕು. ಈಗ ಅದು ಸುತ್ತುವುದು 9 ಗಂಟೆಗೊಮ್ಮೆ.

ತಿರುಗುವ ಜಾಗದಲ್ಲಿ ಬೀಳುವ ವಸ್ತು ಪಕ್ಕಕ್ಕೆ ಸರಿಯುತ್ತದೆ. ಇದು ಕೊರಿಯೊಲಿಸ್ ಪರಿಣಾಮ, ನೂರಕ್ಕೆ ನೂರು ನಿಜ. ಆದರೆ ಎಷ್ಟು ಸರಿಯುತ್ತದೆ? ವಿಸ್ಕಿ 15 ಸೆಂ.ಮೀ. ಎತ್ತರದಿಂದ ಬೀಳುತ್ತದೆ ಅಂದುಕೊಳ್ಳಿ. ಗ್ಲಾಸು ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಅಷ್ಟರಲ್ಲಿ ಅದು ಸರಿಯುವುದು 0.08 ಮಿಲಿಮೀಟರ್. ಒಂದು ತಲೆಕೂದಲಿನ ದಪ್ಪ! ಕಣ್ಣಿಗೆ ಕಾಣುವುದೇ ಇಲ್ಲ. 10 ಮೀಟರ್ ತ್ರಿಜ್ಯದ ಪುಟ್ಟ ನಿಲ್ದಾಣವಾಗಿದ್ದರೆ ಒಂದೂವರೆ ಸೆಂ.ಮೀ.ಗೂ ಜಾಸ್ತಿ ಬಾಗುತ್ತಿತ್ತು.

ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಸೆರೆಸ್‌ನ ಸ್ವಂತ ಗುರುತ್ವ ಭೂಮಿಯದರ ಶೇಕಡಾ 3ರಷ್ಟೂ ಇಲ್ಲ. ತಿರುಗುವಿಕೆ ಅದರ ಹತ್ತರಷ್ಟು ಬಲದಿಂದ ಹೊರಕ್ಕೆ ಎಸೆದರೆ ಸೆರೆಸ್‌ನ ಕಲ್ಲು-ಮಂಜುಗಡ್ಡೆ ಒಟ್ಟಿಗೆ ನಿಲ್ಲುವುದು ಕಷ್ಟ.

ಇಷ್ಟೆಲ್ಲ ಗೊತ್ತಾದ ಮೇಲೂ ನನಗೆ ಈ ಶೋ ಮೇಲೆ ಪ್ರೀತಿ ಹೆಚ್ಚೇ ಆಗಿದೆ. ಅಳತೆ, ವೇಗ, ದೂರ ಎಲ್ಲ ಹೇಳಿದ್ದಾರೆ, ಅದಕ್ಕೇ ತಪ್ಪು ಎಷ್ಟು ಅಂತ ಅಳೆಯಬಹುದು. ಏನೂ ಹೇಳದೆ ಜಾರಿಕೊಳ್ಳುವ ಶೋನಲ್ಲಿ ತಪ್ಪು ಹುಡುಕುವುದಕ್ಕೂ ಜಾಗ ಇರುವುದಿಲ್ಲ, ಅಲ್ವಾ?

ಫ್ಯಾನ್ ಸಮಾವೇಶಗಳಲ್ಲಿ ಈ ಲೆಕ್ಕಾಚಾರಕ್ಕೆ ಹಳೇ ಇತಿಹಾಸವಿದೆ. ಲ್ಯಾರಿ ನಿವೆನ್ ತಮ್ಮ ‘ರಿಂಗ್‌ವರ್ಲ್ಡ್’ ಕಾದಂಬರಿಯಲ್ಲಿ ನಕ್ಷತ್ರದ ಸುತ್ತ ಒಂದು ಮಹಾ ಉಂಗುರ ಕಟ್ಟಿದ್ದರು. ಸೈ-ಫೈ ಫ್ಯಾನ್‌ಗಳ ವಿಶ್ವ ಸಮಾವೇಶವಾದ ವರ್ಲ್ಡ್‌ಕಾನ್ 1971ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ನಡೆಯಿತು. ಅಲ್ಲಿನ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ಹುಡುಗರು ಹೋಟೆಲಿನ ಹಜಾರದಲ್ಲಿ ‘ರಿಂಗ್‌ವರ್ಲ್ಡ್ ನಿಲ್ಲೋದಿಲ್ಲ’ ಅಂತ ಕೂಗುತ್ತಾ ಓಡಾಡಿದರು. ಉಂಗುರ ಚೂರು ಸರಿದರೂ ಹೋಗಿ ನಕ್ಷತ್ರಕ್ಕೆ ಬಡಿಯುತ್ತದೆ ಅನ್ನುವುದು ಅವರ ವಾದ. ನಿವೆನ್ ಮುನಿಸಿಕೊಳ್ಳಲಿಲ್ಲ. 1980ರಲ್ಲಿ ಬಂದ ಮುಂದಿನ ಭಾಗದಲ್ಲಿ ಉಂಗುರವನ್ನು ಜಾಗದಲ್ಲಿಡುವ ಜೆಟ್‌ಗಳನ್ನು ಸೇರಿಸಿದರು. ‘ದಿ ಎಕ್ಸ್‌ಪಾನ್ಸ್’ ಫ್ಯಾನ್‌ಗಳೂ ಕಡಿಮೆಯಿಲ್ಲ. 2018ರಲ್ಲಿ ಮೂರನೇ ಸೀಸನ್‌ಗೇ ಶೋ ನಿಂತಾಗ, ಉಳಿಸಿ ಅಂತ ಬ್ಯಾನರ್ ಕಟ್ಟಿ ಅಮೆಜಾನ್ ಸ್ಟುಡಿಯೋ ಮೇಲೆ ವಿಮಾನ ಹಾರಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಅಮೆಜಾನ್ ಶೋ ಮುಂದುವರಿಸುವುದಾಗಿ ಹೇಳಿತು.

ಈ ಸಲ ಬೆಂಗಳೂರು ಕಾಮಿಕ್ ಕಾನ್‌ಗೆ ಹೋಗುವ ಪ್ಲಾನ್ ಇದ್ದವರು ವೇಷದ ಜೊತೆ ಒಂದು ಲೆಕ್ಕವನ್ನೂ ತನ್ನಿ. ಇಡೀ ಶೋ ಬೇಡ, ಒಂದೇ ದೃಶ್ಯ ಸಾಕು. ಎಷ್ಟು ದೊಡ್ಡದು, ಎಷ್ಟು ವೇಗ, ಎಷ್ಟು ಹೊತ್ತು ಅನ್ನುವುದನ್ನು ಶೋನಿಂದಲೇ ತೆಗೆದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕ್ಯೂನಲ್ಲಿ ಪಕ್ಕದಲ್ಲಿ ನಿಂತವರಿಗೆ ಕೊಟ್ಟು, ತಪ್ಪಿದ್ದರೆ ತಿದ್ದಿ ಅನ್ನಿ. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದಿದ್ದರೆ ಮೊದಲ ಎಪಿಸೋಡ್ ತೆಗೆಯಿರಿ. ಅದರಲ್ಲಿ ಸೆರೆಸ್‌ನಲ್ಲಿ ಹಾರುವ ಹಕ್ಕಿಯೊಂದು ತೀರಾ ನಿಧಾನವಾಗಿ ರೆಕ್ಕೆ ಬಡಿಯುತ್ತದೆ. ಹಾರಲು ಅಷ್ಟು ಸಾಕಾ? ಅದರ ಲೆಕ್ಕ ಇನ್ನೂ ಬಾಕಿ ಇದೆ.